ಮೂರನೆಯ ತೂತು

ಕೊನೆಯ ದೋಣಿ ಬೆಂಗ್ರೆಗೆ ಬಂದು ನಿಂತರೆ
ನಮ್ಮಲ್ಲಿ ಬೂಟು ಹಾಕುವ ಹೊತ್ತು.
ಮೊದಲು ಕಾಲುಚೀಲ, ಸುಕ್ಕು ಇರಬಾರದು.
ಹಿಮ್ಮಡಿ ಕೆಳಗೆ ಕೂತಿತೋ ಇಲ್ಲವೋ
ಬೂಟಿನ ಕಿಂಡಿಯಲ್ಲಿ ಇಣುಕಿ ನೋಡಬೇಕು.
ಆಮೇಲೆ ಪಟ್ಟಿ, ಮೂರನೆಯ ತೂತಿಗೆ.
ಎರಡು ಬೂಟಿನ ನಡುವೆ ಸರಳು.

ಝಿಯಾದ್‌ಗೆ ವರ್ಷ ಮೂರಾಯಿತು.
ಹಗಲಿಡೀ ಓಡುತ್ತಾನೆ
ಒಣಮೀನು ಕದಿಯುವ ಬೆಕ್ಕಿನ ಹಿಂದೆ.
"ಕಾಲು ನೆಟ್ಟಗೆ ಉಂಟಲ್ಲ,
ಇನ್ನೆಂಥಕ್ಕೆ ಈ ಕಬ್ಬಿಣ?"
ಅತ್ತೆ ಕೇಳುವುದು ತಪ್ಪಲ್ಲ.
ಪ್ಲಾಸ್ಟರಿನ ಆರು ವಾರವೂ
ಮಗುವನ್ನು ಮಡಿಲಲ್ಲಿಟ್ಟುಕೊಂಡು
ನನ್ನ ಜೊತೆ ಹೊಳೆ ದಾಟಿದವರು.

ಆದರೆ ಈ ಪಾದಕ್ಕೆ ನೆನಪು ಜಾಸ್ತಿ.
ನನ್ನ ಹೊಟ್ಟೆಯೊಳಗೆ ಹೇಗೆ ಮಡಚಿ ಮಲಗಿತ್ತೋ
ಬಿಟ್ಟರೆ ಹಾಗೇ ಮಡಚಿಕೊಳ್ಳುತ್ತದೆ.
ಒಮ್ಮೆ ಬಿಟ್ಟಿದ್ದೆ, ಜ್ವರ ಎಂದು,
ಆಮೇಲೆ ಅಳುತ್ತಾನೆ ಎಂದು,
ಆಮೇಲೆ ಸುಮ್ಮನೆ.
ಮತ್ತೆ ಪ್ಲಾಸ್ಟರು.
ಮತ್ತೆ ಮೊದಲನೆಯ ತೂತಿನಿಂದ.

ಅದಕ್ಕೇ ದಿನಾ ರಾತ್ರಿ
ಬಕಲು ಬಿಗಿದು, ಹೊರಗುಳಿದ ಬೆರಳಿಗೆ ಮುತ್ತಿಟ್ಟು,
ನನ್ನನ್ನು ಮರೆಯಲು ಕಲಿಸುತ್ತೇನೆ
ಆ ಪಾದಕ್ಕೆ.

ನಿದ್ದೆಯಲ್ಲಿ ಮಗ್ಗುಲಾದರೆ
ಸರಳು ಗೋಡೆಗೆ ಬಡಿಯುತ್ತದೆ, ಟಕ್.
ನಾನು ಮಲಗಿಯೇ ಇರುತ್ತೇನೆ.
ಕೇಳದಿದ್ದರೆ ಎಚ್ಚರ.