ಪ್ರಶ್ನೆ ಹದಿನಾಲ್ಕು

ಪತ್ರಿಕೆಯವರು ಅದಕ್ಕೆ ಚಿಂತಕರ ಚಾವಡಿ ಅಂತ ಬರೀತಾರೆ.
ನಾನು ಕಂಡ ಚಾವಡಿ ಅಕ್ಕಲಕೋಟ ತಾಲೂಕಿನ ನಮ್ಮ ಊರಿಂದು:
ಮೂರು ಕಂಬ, ತಲಾಠಿಯ ಮೇಜು,
ಗೋಡೆಯ ಮೇಲೆ ಸುಣ್ಣ ಎಷ್ಟೋ ಅಷ್ಟೇ ಎಲೆಅಡಿಕೆಯ ಕೆಂಪು.
ಅಲ್ಲಿ ಚಿಂತೆ ಇತ್ತು. ಚಿಂತನೆ ಯಾರೂ ಕೇಳಿರಲಿಲ್ಲ.

ದಿಲ್ಲಿಯ ಚಾವಡಿಗೆ ಕಂಬವಿಲ್ಲ, ಇಮೇಲ್ ಇದೆ.
ಕನ್ನಡ, ತೆಲುಗು, ಮರಾಠಿ ಮೂರೂ ಬಲ್ಲ,
ಬಿಸಿಲಿಗೆ ಅಂಜದ ಒಬ್ಬಳು ಅವರಿಗೆ ಬೇಕಿತ್ತು.
ಸೊಲ್ಲಾಪುರದಲ್ಲಿ ಅಂಥವರು ಓಣಿಗೆ ಹತ್ತು ಮಂದಿ;
ಎಂ.ಎ. ಮುಗಿಸಿ ಮನೆಯಲ್ಲಿ ಕೂತವಳು ನಾನು.
ದಿನಕ್ಕೆ ಏಳುನೂರು, ರಿಕ್ಷಾದ ಖರ್ಚು ಬೇರೆ.

ನೀಲಂ ನಗರದಲ್ಲಿ ಮಗ್ಗ ಮಾತಾಡುವಾಗ
ಮನುಷ್ಯರು ಕೂಗಬೇಕು.
ಹಾಗಾಗಿ ಎರಡು ದೇಶಗಳ ನಡುವಿನ ಮಾತನ್ನೆಲ್ಲ
ಕೂಗಿ ಕೂಗಿ ಕೇಳಿದೆ.
ಸುಂಕ ಅಂದರೆ ಕರ, ಕರ ಅಂದರೆ ಜಕಾತಿ,
ಜಕಾತಿ ಅಂದಾಗ ಮುದುಕರ ಮುಖ ಬೆಳಗಿತು:
"ನಾಕಾದಾಗ ಇಸಗೋತಿದ್ರಲ್ಲ, ಅದಽ ಏನು?"
ಅದಽ, ಅಂದೆ. ನಾಕಾ ಈಗ ಸಮುದ್ರದ ಆಚೆ ಅದ.

ಗುರುಬಾಯಿ ಹತ್ತೂರೆ. ಪಟ್ಟಿಯಲ್ಲಿ ನಲವತ್ತೇಳನೆಯವಳು.
ಟವೆಲ್ಲಿನ ಅಂಚು ಮಡಚಿ ಹೊಲಿಯುತ್ತಾಳೆ,
ಡಜನ್ನಿಗೆ ಆರು ರೂಪಾಯಿ.
ಹುಬ್ಬಿನ ಮೇಲೆ ಹತ್ತಿಯ ಧೂಳು.
ವಯಸ್ಸು ಕೇಳಿದರೆ, "ನೀವಽ ಒಂದು ಹಾಕ್ರಿ."

ಪ್ರಶ್ನೆ ಹದಿನಾಲ್ಕು:
ಎದುರು ದೇಶ ಟವೆಲ್ಲಿನ ಮೇಲಿನ ಸುಂಕವನ್ನು
ನೂರಕ್ಕೆ ಒಂಬತ್ತರಿಂದ ಸೊನ್ನೆಗೆ ಇಳಿಸಿದರೆ
ನಿಮ್ಮ ಮನೆಯ ಗಳಿಕೆ
ಏರುವುದು, ಇಳಿಯುವುದು, ಗೊತ್ತಿಲ್ಲ.

ಅವಳು ಕೈ ನಿಲ್ಲಿಸಲಿಲ್ಲ. ಆ ಡಜನ್ನು ಮುಗಿಸಿ
ಹಲ್ಲಿನಿಂದ ದಾರ ಕಡಿದು ಕೇಳಿದಳು:
"ಇಳಿಸಿದ ಆ ಒಂಬತ್ತು
ಇಳದು ಎಲ್ಲಿಗೆ ಹೋಗ್ತದ್ರಿ?"

ಎಸ್ಟಿ ಬಸ್ಸಿನಿಂದ ಇಳಿದವರೂ ಎಲ್ಲಿಗಾದರೂ ಹೋಗಲೇಬೇಕಲ್ಲ.
ಎರಡು ವರ್ಷ ಓದಿದ ಅರ್ಥಶಾಸ್ತ್ರದಲ್ಲಿ ಅದಕ್ಕೆ ಉತ್ತರ ಇತ್ತು,
ಗ್ರಾಫಿನೊಳಗೆ ಒಂದು ತ್ರಿಕೋನಕ್ಕೆ ಗೆರೆ ತುಂಬಿದ ನೆನಪಿದೆ;
ಆ ತ್ರಿಕೋನದಲ್ಲಿ ಯಾರ ಮನೆ ಇದೆಯೆಂದು ಕೇಳಿದ ನೆನಪಿಲ್ಲ.
'ಗೊತ್ತಿಲ್ಲ'ದ ಮೇಲೆ ಟಿಕ್ ಹಾಕಿದೆ.
ಯಾರಿಗೆ ಗೊತ್ತಿಲ್ಲ ಎನ್ನುವುದಕ್ಕೆ ಚೌಕವಿರಲಿಲ್ಲ.
ಹಾಳೆಯ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಅವಳ ಮಾತು ಬರೆದಿಟ್ಟೆ.

ಹದಿನೈದು ದಿನಕ್ಕೆ ದಿಲ್ಲಿಯಿಂದ ಫೋನು.
ನನ್ನ ವಾರಿಗೆಯ ಹುಡುಗ ಇರಬೇಕು.
"ನಲವತ್ತೇಳರ ಅಂಚಿನಲ್ಲಿ ಇದೇನು ಗೀಚಿದ್ದೀರಿ?"
ಹಿಂದಿಯಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
"ನಮ್ಮ ಹತ್ತು ಜನರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ."
ಆಮೇಲೆ, ಕಿಸೆ ತಡಕಿ ಚಿಲ್ಲರೆ ಸಿಗದವನ ದನಿಯಲ್ಲಿ:
"ಆದರೆ ಇದಕ್ಕೆ ಸಂಕೇತ ಇಲ್ಲ.
ತೊಂಬತ್ತೊಂಬತ್ತು ಹಾಕ್ತೀನಿ. ಇತರೆ."

ವರದಿ ಬಂತು. ನುಣುಪು ಕಾಗದ, ಅರವತ್ತೆಂಟು ಪುಟ,
ಹೊದಿಕೆಯ ಮೇಲೆ ಬೇರೆ ಯಾವುದೋ ಊರಿನ ಮಗ್ಗ.
ಅದನ್ನು ನಡುವೆ ಇಟ್ಟುಕೊಂಡು ಎರಡು ದೇಶದವರು
ಮೂರು ದಿನ ಕೂತರಂತೆ. ಕೊನೆಗೆ ಸಹಿ.
ಒಂಬತ್ತು ಸೊನ್ನೆಯಾಗಲು ಏಳು ವರ್ಷ, ಮೆಟ್ಟಿಲು ಮೆಟ್ಟಿಲಾಗಿ.
ಸುಳ್ಳು ಬರೆದಿದ್ದಾರೆ ಎನ್ನಲಾರೆ:
ಮಗ್ಗಗಳ ಲೆಕ್ಕ ಸರಿ, ನೂಲಿನ ದರ ಸರಿ,
ನನ್ನ ಹೆಸರಿನ ಕಾಗುಣಿತವೊಂದು ತಪ್ಪು.
ಪುಟ ಮೂವತ್ತು: ಶೇಕಡಾ ನಲವತ್ತೊಂದು ಮಂದಿಗೆ ತಿಳಿವಳಿಕೆಯ ಕೊರತೆ.
ಆ ನಲವತ್ತೊಂದರೊಳಗೆ ನಾನೂ ಇದ್ದೇನೆ, ಗುರುಬಾಯಿಯ ಸೆರಗಿನ ಹಿಂದೆ.

ಶೇಂಗಾ ಚಟ್ನಿಯ ಪೊಟ್ಟಣ ಹಿಡಿದು ಮತ್ತೆ ಹೋದೆ.
"ಚಾವಡ್ಯಾಗ ಏನಂದ್ರು?"
ನಿಮ್ಮ ಮಾತಿಗೆ ತೊಂಬತ್ತೊಂಬತ್ತು ಅಂತ ಬರಕೊಂಡಾರ, ಅಂದೆ.
ನಕ್ಕಳು ನೋಡಿ, ಹಿಂದಿನ ಓಣಿಯ ಮಗ್ಗಕ್ಕೂ ಕೇಳುವ ಹಾಗೆ:
"ನಾ ಕೇಳಿದ್ದು ಒಂಬತ್ತು.
ಮ್ಯಾಲ ಈ ತೊಂಬತ್ತು ಯಾರು ಹೇರಿದ್ರು?"

ಡಜನ್ನಿಗೆ ಎಷ್ಟು ಈಗ ಅಂತ ಕೇಳಿದೆ.
ಉತ್ತರ ಕೊಡಲಿಲ್ಲ. ದೊಡ್ಡದೊಂದು ಚಾದರ ಎಳೆದು
"ಬಂದೀರಿ ಅಂದ ಮ್ಯಾಲ
ಈ ತುದಿ ಹಿಡೀರಿ," ಅಂದಳು.