ದನಿ ಒಡೆಯುವ ವಯಸ್ಸು

ಕಲಬುರಗಿ ಕೋರ್ಟಿನ ಕಂಪೌಂಡು, ಬೇವಿನ ಮರದ ಕೆಳಗೆ
ನನ್ನ ಟೇಬಲ್ಲು. ಮೂರು ಕಾಲು ಸ್ವಂತದ್ದು,
ನಾಲ್ಕನೆಯದು ಶಹಾಬಾದ ಫರಸಿಯ ತುಂಡು.
ಇಪ್ಪತ್ತಾರು ವರ್ಷದಿಂದ ಇಲ್ಲೇ ಬಾಂಡು ಬರೆಯುತ್ತೇನೆ:
ಹೊಲದ ಖರೀದಿ, ಹೆಸರಿನ ತಿದ್ದುಪಡಿ,
ಸತ್ತವರಿಗೆ ವಾರಸುದಾರರು.

ಜಗದೇವಿ ಬಂದಳು ಮಧ್ಯಾಹ್ನ, ಖಾನಾವಳಿ ಮುಚ್ಚಿ,
ಬೆರಳಿಗೆ ಇನ್ನೂ ಜೋಳದ ಹಿಟ್ಟು.
ಹಿಂದೆ ಮಗ ರೇವಣಸಿದ್ಧ, ಹನ್ನೆರಡು ತುಂಬಿ ನಾಲ್ಕು ತಿಂಗಳು.
ಟೀವಿಯವರು ಕೊಟ್ಟ ಟೀಶರ್ಟಿನ ಎದೆಯ ಮೇಲೆ
ನಾಲ್ಕು ಸಾವಿರದ ನಾನೂರಾ ಹದಿನೇಳು.
“ಇದರಾಗ ಏನ್ ಬರದಾರ, ಓದಿ ಹೇಳ್ರಿ ಅಣ್ಣಾ.
ಗುರುವಾರದೊಳಗ ಸಹಿ ಮಾಡಿ ಕಳಸಬೇಕಂತ.”

ಇಪ್ಪತ್ಮೂರು ಪುಟ. ಇಂಗ್ಲಿಷು.
ಸಾಸಿವೆ ಚೆಲ್ಲಿದಂಥ ಅಕ್ಷರ.
ಹುಡುಗನ ಹಾಡು, ಹೆಸರು, ಮುಖ, ಮನೆಯ ಬಡತನದ ಕಥೆ,
ಎಲ್ಲ ಕಂಪನಿಯದು;
ಈಗಿರುವ ಯಂತ್ರಗಳಲ್ಲೂ,
ಇನ್ನೂ ಯಾರೂ ಕಂಡುಹಿಡಿಯದ ಯಂತ್ರಗಳಲ್ಲೂ,
ಸಮಸ್ತ ಬ್ರಹ್ಮಾಂಡದಲ್ಲಿ.

“ಬ್ರಹ್ಮಾಂಡ ಅಂತ ಖರೇನ ಬರದಾರೇನ್ರಿ?” ಹುಡುಗ ಕೇಳಿದ.
“ಚಂದ್ರನ ಮ್ಯಾಲ ಹಾಡಿದರೂ ಕೇಸ್ ಹಾಕ್ತಾರ?”
“ಹಾಕ್ತಾರ. ಆದರ ತಾರೀಖಿಗೆ ನೀ ಮುಂಬೈಗೇ ಬರಬೇಕು,
ಹತ್ತೊಂಬತ್ತನೇ ಪುಟದಾಗ ಅದ.”
ಅವನು ನಕ್ಕ. ಜಗದೇವಿ ನಗಲಿಲ್ಲ.

ಏಳು ವರ್ಷ ಬೇರೆ ವೇದಿಕೆಯಿಲ್ಲ.
ಶಾಲೆಯ ಗ್ಯಾದರಿಂಗು? ಕೇಳಿ ಹಾಡಬೇಕು.
“ತಂಗಿ ಕೂಸಿನ ತೊಟ್ಟಿಲಕ್ಕ?”
ಯಾರಾದರೂ ಮೊಬೈಲಿನಲ್ಲಿ ಹಿಡಿದರೆ ಅದೂ ತಪ್ಪು.
ಗಳಿಕೆಯ ನೂರರಲ್ಲಿ ಮೂವತ್ತೈದು ಅವರದು,
ನಡುವೆ ಬಿಟ್ಟು ಬಂದರೆ ಹತ್ತು ಲಕ್ಷ ದಂಡ.
ಸೋತು ಬಂದ ಮಗುವಿನ ಬಗ್ಗೆ
ಹುಡುಕಿದೆ. ಏನೂ ಬರೆದಿಲ್ಲ.

ಕಾಯಿದೆ ನನಗೂ ಅಷ್ಟಿಷ್ಟು ಗೊತ್ತು:
ಹದಿನೆಂಟು ತುಂಬದವನ ಕರಾರು ಕರಾರೇ ಅಲ್ಲ,
ನೀರಿನ ಮೇಲೆ ಎಳೆದ ಗೆರೆ.
ಕಂಪನಿಗೂ ಗೊತ್ತು. ಅದಕ್ಕೇ ಗೆರೆಯನ್ನು
ತಾಯಿಯ ಹಣೆಯ ಮೇಲೆ ಎಳೆದಿದ್ದಾರೆ, ‘ಪಾಲಕರು’ ಎಂಬಲ್ಲಿ.
ಮಗ ಹಾಡದಿದ್ದರೆ, ಜ್ವರ ಬಂದರೆ,
ಊರು ನೆನಪಾಗಿ ಓಡಿ ಬಂದರೆ
ನಷ್ಟ ತುಂಬುವವಳು ಅವಳು.
ಹಣೆಬರಹವನ್ನೂ ಹೀಗೆ ವಕೀಲರು ಡ್ರಾಫ್ಟ್ ಮಾಡುತ್ತಾರೆಂದು
ನನಗೆ ಗೊತ್ತಿರಲಿಲ್ಲ.

ಅಲ್ಲ, ಗೊತ್ತಿತ್ತು.
ಹೋದ ವರ್ಷ ಆಳಂದದವರೊಬ್ಬರು ಬಂದಿದ್ದರು,
ಕುಣಿಯುವ ಹುಡುಗಿ, ಒಂಬತ್ತು ವರ್ಷ.
ಅಂದು ನಾನು ಓದಲಿಲ್ಲ. ರಜೆಯ ಹಿಂದಿನ ದಿನ, ಗದ್ದಲ.
“ಎಲ್ಲಾರೂ ಮಾಡ್ತಾರ, ಮಾಡ್ರಿ” ಅಂದು
ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದೆ.
ನೂರು ರೂಪಾಯಿ ತಗೊಂಡೆ.
ಆ ಅಪ್ಪ ಈಗಲೂ ಈ ಮರದ ಕೆಳಗೆ ಬರುತ್ತಾನೆ,
ನೋಟೀಸಿನ ಲಕೋಟೆ ಹಿಡಿದು,
ಪಕ್ಕದ ಟೇಬಲ್ಲಿಗೆ.

ಹಾಗಾಗಿ ಇಂದು ನಿಧಾನ ಓದಿದೆ, ಮೂರು ಗಂಟೆಯವರೆಗೆ.
ಓದಿ ಮುಗಿಸಿ, ಯಾಕೋ, “ಒಂದು ಹಾಡು ಅನ್ನೋ” ಅಂದೆ.
ಅವನು ಅಂದ. ಜೆರಾಕ್ಸಿನವನು ಯಂತ್ರ ನಿಲ್ಲಿಸಿದ.
ಮೇಲೆ, ಇನ್ನೂ ಮೇಲೆ ಹೋಗಿ
ಒಂದು ಕಡೆ ದನಿ ಸೀಳಿತು, ಹಸಿ ಕಟ್ಟಿಗೆಯಂತೆ.
ಅವನೇ ಬೆಚ್ಚಿ ಗಂಟಲು ಮುಟ್ಟಿಕೊಂಡ.
“ಥಂಡಿ ಆಗ್ಯಾದ” ಅಂದಳು ತಾಯಿ.
ಥಂಡಿಯಲ್ಲ. ತುಟಿಯ ಮೇಲೆ
ಆಗಷ್ಟೇ ಬಿದ್ದಿತ್ತು ಸಣ್ಣ ನೆರಳು.
ಇನ್ನಾರು ತಿಂಗಳಿಗೆ ಈ ದನಿ ಯಾರಿಗೂ ಉಳಿಯುವುದಿಲ್ಲ,
ಅವನಿಗೂ.
ಒಡೆಯುವ ದನಿಗೆ
ಏಳು ವರ್ಷದ ಒಡೆಯರು.

“ಮ್ಯಾಲಿನ ಮಾಳಿಗಿ ವಕೀಲರಿಗೆ ತೋರಸ್ರಿ. ಸಹಿ ಈಗ ಬ್ಯಾಡ.”
“ಗುರುವಾರ ಅಂದಾರಲ್ರಿ.”
“ಗುರುವಾರ ವಾರವಾರಾ ಬರ್ತದ, ಅಕ್ಕಾ.”

ಕೊನೆಯ ಪುಟದಲ್ಲಿ, ಸಹಿ ಮಾಡಬೇಕಾದ ಗೆರೆಯ ಮೇಲೆ,
ಅವಳ ಹೆಬ್ಬೆಟ್ಟಿನ ಹಿಟ್ಟು ಹತ್ತಿತ್ತು.
ಊದಿದೆ. ಪೂರ್ತಿ ಹೋಗಲಿಲ್ಲ.
ಕಾಗದ ಮಡಚಿ ಬುತ್ತಿಚೀಲಕ್ಕೆ ಹಾಕಿಕೊಂಡು ಎದ್ದಳು.
ಮೆಟ್ಟಿಲ ಕಡೆ ಹೋದಳೋ, ಗೇಟಿನ ಕಡೆಯೋ,
ನಾನು ನೋಡುವಷ್ಟರಲ್ಲಿ
ಅಣ್ಣತಮ್ಮಂದಿರಿಬ್ಬರು ಮುಂದೆ ಬಂದು ಕೂತಿದ್ದರು.
ಬಾವಿಯ ಪಾಲು.