ಕರಿ ಎಳೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ
ಖುರ್ಷೀದ್ ಬೀ ಅವರ ಬಿಚ್ಚಾಣಿಕೆ ಶೆಡ್ಡು.
ಪಕ್ಕಕ್ಕೆ, ಮೊದಲು ಸೌದೆ ಒಟ್ಟುತ್ತಿದ್ದ ಜಾಗದಲ್ಲಿ,
ಹಳೇ ಗೂಡಿನ ಚೀಲ ಬಿಡಿಸಿ ಹೊಲಿದ ಹೊದಿಕೆಯೊಳಗೆ
ಮಲಗಿರುತ್ತದೆ ಅದು. ಇಟಲಿಯದು. ಹಳದಿ.
ಸೆಕೆಂಡ್ ಹ್ಯಾಂಡು ಅನ್ನಬಾರದಂತೆ,
ಒಬ್ಬರ ಕೈಲಿದ್ದದ್ದು ಅನ್ನಬೇಕಂತೆ.
ಮೂವತ್ತು ವರ್ಷ ಬೀ ಒಂದು ಗುಂಜಿ ಬಂಗಾರ ಕೊಳ್ಳಲಿಲ್ಲ,
ಇದನ್ನು ಕೊಂಡರು.
ಅಳಿಯಂದಿರು ಇನ್ನೂ ಮಾತು ಬಿಟ್ಟಿದ್ದಾರೆ.

ಬ್ಯಾಟರಿ ಇಳಿಯದಿರಲೆಂದು ರಾತ್ರಿಯೆಲ್ಲ ಒಂದು ವೈರು,
ಕೂಸಿಗೆ ಡ್ರಿಪ್ಪು ಹಾಕಿದ ಹಾಗೆ.
ಇಲಿ ಬಾರದಿರಲೆಂದು ನಾಲ್ಕು ಮೂಲೆಗೆ ಹೊಗೆಸೊಪ್ಪು.
ಎಷ್ಟು ಕಾದರೂ ಬೆಂದ ಹುಳದ ವಾಸನೆ
ಒಳಗೆ ನುಗ್ಗಿ ತೊಗಲಿನ ಸೀಟಿಗೆ ಹತ್ತಿದೆ.
ನಮ್ಮೂರಲ್ಲಿ ಅದಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ.

ಬೆಂಗಳೂರಿಂದ ಜೋಯಲ್ ಬಂದು ಲ್ಯಾಪ್‌ಟಾಪು ಚುಚ್ಚುತ್ತಾನೆ,
ಗಾಡಿ ತನ್ನ ಕಾಯಿಲೆಯನ್ನು ನಂಬರಿನಲ್ಲಿ ಹೇಳುತ್ತದೆ.
ಟೀ ಕೊಡಲು ಹೋದಾಗ ಅವನೇ ಹೇಳಿದ್ದು:
ಇದಕ್ಕೆ ಎರಡು ಕ್ಲಚ್ಚು, ಅಕ್ಕ.
ಮೂರನೇ ಗೇರು ಓಡುತ್ತಿರುವಾಗಲೇ ನಾಲ್ಕನೆಯದು
ಇನ್ನೊಂದರ ಕೈಯಲ್ಲಿ ಸಿದ್ಧ.
ಒಂದು ಬಿಟ್ಟಿತು, ಒಂದು ಹಿಡಿಯಿತು,
ನಡುವೆ ಎವೆ ಬಡಿಯುವಷ್ಟೂ ಸಂದಿಲ್ಲ.

ನಕ್ಕುಬಿಟ್ಟೆ. ಹದಿನೆಂಟು ವರ್ಷದಿಂದ
ಬೇಸಿನ್ನಿನ ಮುಂದೆ ನಾನು ಮಾಡುವುದೇನಪ್ಪ ಮತ್ತೆ?
ಎಂಟು ಗೂಡು ಕೂಡಿ ಒಂದು ನೂಲು.
ಒಂದು ಮುಗಿಯುವ ಮೊದಲೇ ಮುಂದಿನದರ ತುದಿ
ಎಡಗೈ ಬೆರಳಿಗೆ ಸುತ್ತಿಕೊಂಡಿರಬೇಕು,
ಎಸೆದದ್ದು ನೂಲಿಗೆ ಗೊತ್ತೇ ಆಗಬಾರದು.
ಗೊತ್ತಾದರೆ ಡೀನಿಯರ್ ಬಿತ್ತು, ರೇಟು ಬಿತ್ತು,
ಬೀ ಮುಖ ಬಿತ್ತು.

ರೈಲ್ವೆ ಕೆಳಸೇತುವೆ ಹತ್ತಿರದ ಹಂಪು.
ಮೂಗೆತ್ತುವ ಗುಂಡಿ ಒತ್ತಲು ಒಂದು ದಿನ ಮರೆತರು.
ಕರ್ರ್ ಅಂದಿತು. ಅವತ್ತು ಬೀ ಊಟ ಮಾಡಲಿಲ್ಲ.
ಜೋಯಲ್ ಚುಚ್ಚಿ ನೋಡಿದ: ಕಾಯಿಲೆ ಏನಿಲ್ಲ, ಪಾಲಿಷ್ ಸಾಕು.

ಮುಂದಿನ ತುಟಿ ಕರೀದು. ಪ್ಲಾಸ್ಟಿಕ್ಕು ಅಂದುಕೊಂಡಿದ್ದೆ.
ಬೆರಳಿಟ್ಟರೆ ನೇಯ್ಗೆ!
ಹಾಸು, ಹೊಕ್ಕು, ಓರೆ ಗೆರೆ,
ಕೂದಲಿಗಿಂತ ಸಣ್ಣ ಇದ್ದಿಲಿನ ಎಳೆ.
ಅಂಟು ಕುಡಿಸಿ ಬೇಯಿಸುತ್ತಾರೆ, ಅಂದ.
ನಾವು ಬೇಯಿಸುವುದು ಅಂಟು ಬಿಡಲಿ ಎಂದು,
ಅವರು ಬೇಯಿಸುವುದು ಅಂಟು ಹಿಡಿಯಲಿ ಎಂದು.
ಎರಡು ರೂಪಾಯಿ ನಾಣ್ಯ ತಗೊಂಡು
ತೆಂಗಿನಕಾಯಿ ತಟ್ಟಿದ ಹಾಗೆ ತಟ್ಟುತ್ತ ಹೋದೆ.
ಟಿಣ್, ಟಿಣ್, ಟಿಣ್,
ಟಪ್.
ಇಲ್ಲಿ ಒಳಗೆ ಎಳೆ ಬಿಟ್ಟೈತೆ, ಅಂದೆ.
ಮೇಲೊಂದು ಗೀರೂ ಇಲ್ಲದ ಜಾಗ.
ಜೋಯಲ್ ಮಂಡಿಯೂರಿ ಕಿವಿ ಇಟ್ಟ, ನಾಣ್ಯ ಇಸಕೊಂಡ.
ಇನ್ನೂ ವಾಪಸ್ ಕೊಟ್ಟಿಲ್ಲ.

ಹೊಸ ತುಟಿ ಬಂದ ಮಾರನೇ ದಿನ, ಕೋಳಿ ಕೂಗುವ ಮುಂಚೆ,
'ಕೂತ್ಕೋ, ಮುನಿನಾರಾಯಣಮ್ಮ' ಅಂದರು.
ಅದಕ್ಕೆ ಹತ್ತುವುದಲ್ಲ, ಬಾವಿಗಿಳಿದ ಹಾಗೆ ಇಳಿಯುವುದು.
ಬೀ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಪೆಡಲು ಮುಟ್ಟಿದರು.
ಬೆನ್ನ ಹಿಂದೆಯೇ ಇಂಜಿನ್ನು,
ನಮ್ಮ ಬಾಯ್ಲರಿನ ಹಾಗೆ ಮೊದಲು ಗುರುಗುಟ್ಟಿ
ಚಿಕ್ಕಬಳ್ಳಾಪುರ ದಾಟಿ ಹೈವೇ ಸಿಕ್ಕಿದ್ದೇ
ಸೀರೆ ಸೀಳಿದ ಸದ್ದಾಯಿತು.
ನಂದಿ ಬೆಟ್ಟ ಬಲಗಡೆ ಇತ್ತು. ಆಮೇಲೆ ಹಿಂದೆ ಇತ್ತು.

ಒಂದು ಗೂಡಿನಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರು.
ಹುಳ ಅದನ್ನು ಮೂರು ದಿನ ತಲೆಯಾಡಿಸಿ ಸುತ್ತುತ್ತದೆ,
ನಾನು ಹತ್ತು ನಿಮಿಷಕ್ಕೆ ಬಿಚ್ಚುತ್ತೇನೆ.
ಇದು?
ಮನಸ್ಸಲ್ಲೇ ಎಣಿಸಿದೆ. ಇಪ್ಪತ್ತಕ್ಕೆ ಒಂದು ಗೂಡು ಮುಗಿಯಿತು.
ಮತ್ತೊಂದು.
'ಹೆದರಿಕೆನಾ?'
ಇಲ್ಲ ಅಂದೆ. ಎಡಗೈ ಬೆರಳು ಮಾತ್ರ ತಾನಾಗೇ
ಮುಂದಿನ ತುದಿ ಹುಡುಕುತ್ತಿತ್ತು.

ಟೋಲಿನಲ್ಲಿ ಹುಡುಗ ಫೋನು ಹಿಡಿದು ಬಗ್ಗಿ ಬಂದ,
ಒಳಗಿನ ಗಾಳಿ ತಾಗಿದ್ದೇ ಮೂಗು ಮುಚ್ಚಿಕೊಂಡ.
ಬೀ ನನ್ನ ಕಡೆ ನೋಡಿದರು,
ಗಾಜು ಇನ್ನೂ ಅಷ್ಟು ಇಳಿಸಿದರು.